ಜಪಾನಿ ದೆವ್ವವೂ ಜೋಳದ ರೊಟ್ಟಿಯೂ

ಜಪಾನಿನ ದೆವ್ವಗಳ ಮೇಲೆ ನನ್ನದೊಂದು ತಕರಾರಿದೆ. ಅವುಗಳಿಗೆ ತಲೆ ಬಾಚುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಮೊಣಕಾಲುದ್ದದ ಕೂದಲು, ಅದಕ್ಕೆ ತೊಟ್ಟು ಎಣ್ಣೆಯಿಲ್ಲ, ಒಂದು ರಿಬ್ಬನ್ ಇಲ್ಲ. ಅಷ್ಟನ್ನೂ ಮುಖದ ಮೇಲೆ ಹರವಿಕೊಂಡು ಬಚ್ಚಲಿನಿಂದ ಒದ್ದೆಯಾಗಿಯೇ ಎದ್ದು ಬಂದುಬಿಡುತ್ತವೆ. ತಲೆಗೊಂದು ಟವೆಲ್ ಸುತ್ತಿಕೊಳ್ಳುವ ಬುದ್ಧಿಯೂ ಇಲ್ಲ. ನನ್ನ ತವರಿನಲ್ಲಿ ಯಾವ ಹುಡುಗಿಯಾದರೂ ತಲೆ ಎರೆದುಕೊಂಡು ಹೀಗೆ ಮನೆತುಂಬ ನೀರು ತೊಟ್ಟಿಕ್ಕಿಸುತ್ತ ಅಡ್ಡಾಡಿದ್ದರೆ ನಮ್ಮವ್ವ ಬೆನ್ನಿಗೆರಡು ಬಿಗಿದು, ಕೂರಿಸಿಕೊಂಡು ಜಡೆ ಹಾಕಿ, ನೆಲ ಒರೆಸಲು ಹಚ್ಚುತ್ತಿದ್ದಳು. ಅಲ್ಲಿಗೆ ಸಿನೆಮಾ ಮುಗಿದು ಹೋಗುತ್ತಿತ್ತು.

ನಗಬೇಡಿ. ಇದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಪುಣೆಯ ಕೋಥರೂಡ ಕನ್ನಡ ಬಳಗದ ಭಯಾನಕ ಚಿತ್ರಗಳ ಅಧಿಕೃತ ಪರೀಕ್ಷಕಿಯವರ ಅಭಿಪ್ರಾಯ. ಆ ಪರೀಕ್ಷಕಿಯವರು ನಾನೇ. (ನನ್ನನ್ನು ನಾನೇ ‘ಅವರು’ ಎಂದುಕೊಳ್ಳುವುದು ಸರಿಯಲ್ಲ ಎಂದು ನಮ್ಮನೆಯವರು ಹೇಳುತ್ತಾರೆ. ಬೇರೆಯವರು ಅನ್ನುವವರೆಗೆ ಕಾಯುತ್ತ ಕೂತರೆ ಆದೀತೆ?)

ಇದೆಲ್ಲ ಶುರುವಾದದ್ದು ಎರಡು ಸಾವಿರದ ನಾಲ್ಕನೆಯ ಇಸವಿಯ ದೀಪಾವಳಿಗೆ. ನಮ್ಮನೆಯವರು, ಅಂದರೆ ಶಿವರಾಜ, ಇಲ್ಲಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಬೋನಸ್ ಬಂದ ಹುರುಪಿನಲ್ಲಿ ಡಿವಿಡಿ ಪ್ಲೇಯರ್ ತಂದರು. ಮುಂಜಾನೆ ಎದ್ದು ವಚನ ಕೇಳುತ್ತೇನೆ, ಮನಸ್ಸು ತಿಳಿಯಾಗುತ್ತದೆ ಎಂದು ಅವರ ಲೆಕ್ಕಾಚಾರ. ಆದರೆ ನಮ್ಮ ಎದುರಿನ ಬಿಲ್ಡಿಂಗಿನಲ್ಲಿ ಕುಸುಮ ಇದ್ದಾಳೆ. ಉಡುಪಿ ಕಡೆಯವಳು, ಗಂಡ ಮೋಹನದಾಸ್ ಮೂಲೆಯ ಹೊಟೇಲಿನ ಮಾಲಕ. ಅವರ ಮಗ ಸುಹಾಸನಿಗೆ ಸಿನೆಮಾದ ಹುಚ್ಚು. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗಿಂತ ಸಿನೆಮಾದ ಬಗ್ಗೆ ಮಾತಾಡುವ ಹುಡುಗರೇ ಹೆಚ್ಚು, ಇವನು ಎರಡನ್ನೂ ಮಾಡುತ್ತಿದ್ದ. ಪ್ಲೇಯರ್ ಬಂದ ಸುದ್ದಿ ತಿಳಿದದ್ದೇ ತಡ, ಜಪಾನು, ಕೊರಿಯಾ, ಥಾಯ್ಲೆಂಡುಗಳ ದೆವ್ವಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬಂದ. ಇವನ್ನು ನೋಡಿದವರು ವಾರಗಟ್ಟಲೆ ದೀಪ ಆರಿಸದೆ ಮಲಗುತ್ತಾರೆ ಆಂಟಿ, ನೀವು ನೋಡಬೇಡಿ ಎಂದ. ನೋಡಬೇಡಿ ಎಂದವರ ಮಾತನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿದ ದಾಖಲೆಯಿಲ್ಲ.

ಭಾಷೆಯದೊಂದು ತೊಡಕಿತ್ತು. ದೆವ್ವ ಮಾತಾಡುವುದು ಜಪಾನಿಯಲ್ಲಿ, ಕೆಳಗೆ ಬರುವ ಸಾಲು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಧಾರವಾಡದ ಬಿ.ಎ. ಇಂಗ್ಲಿಷು, ನಿಧಾನಕ್ಕೆ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಸತ್ತಿರುತ್ತಾರೆ. ಹಾಗಾಗಿ ಓದಿ ಹೇಳುವ ಕೆಲಸ ನಮ್ಮನೆಯವರ ಪಾಲಿಗೆ ಬಂತು. ಅವರಿಗೆ ದೆವ್ವವೆಂದರೆ ಪ್ರಾಣಭಯ. ಅದಕ್ಕೊಂದು ಉಪಾಯ ಕಂಡುಹಿಡಿದರು. ಪೇಪರನ್ನು ಮಡಚಿ ಕಣ್ಣಿನ ಮುಂದೆ ಅಡ್ಡ ಹಿಡಿಯುವುದು, ಟೀವಿಯ ಕೆಳಗಿನ ಒಂದೇ ಒಂದು ಸಾಲು ಕಾಣುವಂತೆ. ದೆವ್ವ ಮೇಲೆ ಕುಣಿಯುತ್ತಿರಲಿ, ಹರಿದುಕೊಂಡು ತಿನ್ನುತ್ತಿರಲಿ, ಅವರಿಗೆ ಕಾಣುವುದು ಅಕ್ಷರ ಮಾತ್ರ. ಅನುವಾದವೂ ಬ್ಯಾಂಕಿನದೇ.

“ಸದರಿ ಗ್ವಾಡಿಯೊಳಗ ತನ್ನನ್ನ ಹುಗದವರು ಯಾರು ಅಂತ ಅರ್ಜಿದಾರಳು ವಿಚಾರಿಸಾಕತ್ತಾಳ” ಎಂದು ಪೇಪರಿನ ಹಿಂದಿನಿಂದ ಗಂಭೀರವಾದ ಧ್ವನಿ ಬರುತ್ತಿತ್ತು.

ಇನ್ನು ನನ್ನ ಪರೀಕ್ಷೆಯ ವಿಧಾನ. ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು, ಯಾಕೆಂದರೆ ಇದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಭಾನುವಾರ ಮಧ್ಯಾಹ್ನ ನಾನು ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಮಾಡಿಡುತ್ತೇನೆ. ಅಡುಗೆಮನೆಯಿಂದ ಟೀವಿ ಕಾಣುವುದಿಲ್ಲ. ಆದ್ದರಿಂದ ಸಣ್ಣ ಗ್ಯಾಸಿನ ಒಲೆ, ಹಂಚು, ಹಿಟ್ಟಿನ ಪರಾತ, ರೊಟ್ಟಿ ಬಡಿಯುವ ಕಲ್ಲು ಎಲ್ಲವನ್ನೂ ಟೀವಿಯಿರುವ ಹಾಲಿಗೆ ತಂದು ನೆಲದ ಮೇಲೆ ಸಂಸಾರ ಹೂಡಿದೆ. ಜೋಳದ ರೊಟ್ಟಿ ಬಡಿಯುವುದೆಂದರೆ ಲಟ್ಟಣಿಗೆ ತಗೊಂಡು ಚಪಾತಿ ತೀಡಿದಂತಲ್ಲ. ಬಲ ಅಂಗೈ ಒಂದೇ ಅಳತೆಯಲ್ಲಿ ಪಟಪಟ ಬೀಳುತ್ತಿರಬೇಕು, ಎಡಗೈ ತಿರುಗಿಸುತ್ತಿರಬೇಕು, ಹಿಟ್ಟು ತಾನಾಗಿ ಚಂದ್ರನಂತೆ ದುಂಡಗೆ ಬೆಳೆಯಬೇಕು. ಮನಸ್ಸು ಅಲುಗಿದರೆ ಅಂಚು ಒಡೆಯುತ್ತದೆ. ನಾನು ಇಟ್ಟ ನಿಯಮ ಇಷ್ಟೇ. ಯಾವ ದೆವ್ವವನ್ನು ನೋಡಿ ನನ್ನ ಕೈ ನಿಲ್ಲುತ್ತದೋ ಅದು ದೆವ್ವ, ಉಳಿದವೆಲ್ಲ ಬರೀ ವೇಷ. ಅಂಥ ದೆವ್ವ ಇನ್ನೂ ಹುಟ್ಟಿಲ್ಲ ಎಂದು ನಾನು ಹೇಳುತ್ತಿದ್ದೆ. (ದೆವ್ವ ಹುಟ್ಟುವುದಲ್ಲ, ಸತ್ತು ಆಗುವುದು ಎಂದು ಪೇಪರಿನ ಹಿಂದಿನಿಂದ ತಿದ್ದುಪಡಿ ಬರುತ್ತಿತ್ತು.)

ನಮ್ಮ ಅತ್ತೆ ಪಾರವ್ವನವರೂ ಈ ಸಭೆಯಲ್ಲಿ ಇರುತ್ತಿದ್ದರು, ಆದರೆ ಟೀವಿಗೆ ಬೆನ್ನು ಹಾಕಿ. ಒಲೆಯ ಆಚೆ ಬದಿಗೆ, ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುವುದು ಅವರ ಪದ್ಧತಿ. ಆ ಹಾಳಾದ್ದನ್ನ ನಾ ಏನ ನೋಡ್ಲಿ, ನಿನ್ನ ಕೈ ನೋಡಕೋತ ಕುಂಡರ್ತೀನಿ ಎನ್ನುತ್ತಿದ್ದರು. ಅವರ ತಲೆ ಅಡ್ಡವಾಗಿ ಟೀವಿಯ ಕಾಲು ಭಾಗ ನನಗೆ ಕಾಣುತ್ತಿರಲಿಲ್ಲ, ಹಿರಿಯರಿಗೆ ಸರಿಯಿರಿ ಎನ್ನಲಾದೀತೆ? ಆಶ್ಚರ್ಯದ ಮಾತೆಂದರೆ, ಬೆನ್ನು ಹಾಕಿ ಕೂತಿದ್ದರೂ ದೆವ್ವ ಬಂದ ಗಳಿಗೆ ಅವರಿಗೆ ತಪ್ಪದೆ ತಿಳಿಯುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ, “ಬಂತೇನ ಅದು?” ಎಂದು ಕೇಳುತ್ತಿದ್ದರು. ಸೋಮವಾರ ತಪ್ಪದೆ ಮಾಡಿದ ಉಪವಾಸದ ಫಲ, ಬೆನ್ನಿಗೂ ಕಣ್ಣು ಬಂದಿವೆ ಎಂದು ನಾನು ಅಂದುಕೊಂಡಿದ್ದೆ.

ಇನ್ನೊಂದು ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಸಿನೆಮಾ ಮುಗಿದ ಕೂಡಲೇ ಅತ್ತೆ ರೊಟ್ಟಿಯ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಮೇಲಿನದು ಕೆಳಗಿನದು ನೋಡಿ, ಬೇಕಾದವನ್ನು ಆರಿಸಿ, ಮುರಿದು ಬಟ್ಟಲಿಗೆ ಹಾಕಿ ಹಾಲು ಸುರಿದುಕೊಂಡು ತಿನ್ನುತ್ತಿದ್ದರು. ಬೇರೆ ದಿನ ಹೀಗೆ ಮಾಡುತ್ತಿರಲಿಲ್ಲ. ಕೇಳಿದರೆ, ಸಿನೆಮಾ ದಿನದ ರೊಟ್ಟಿ ರುಚೀನ ಬ್ಯಾರೆ ಅನ್ನುತ್ತಿದ್ದರು. ಸೊಸೆಯ ರೊಟ್ಟಿಯನ್ನು ಬಾಯಿ ಬಿಟ್ಟು ಹೊಗಳುವ ಅತ್ತೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮಹಡಿಯಲ್ಲೇ ಇರುವ ಗೋಕಾಕದ ರೇಣುಗೆ ನಾನು ಇದನ್ನು ಮತ್ತೆ ಮತ್ತೆ ಹೇಳಿದ್ದೇನೆ. ಅವಳ ಅತ್ತೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರು ಬಿಡುತ್ತಾರಂತೆ.

ಹೀಗೆ ನೋಡುತ್ತ ನೋಡುತ್ತ ನನಗೆ ಏಷ್ಯಾಖಂಡದ ದೆವ್ವಗಳ ಗುಣದೋಷಗಳು ಕರಗತವಾದವು. ಕೊರಿಯಾದ್ದೊಂದು ಸಿನೆಮಾ. ಅಲ್ಲಿ ಹಿತ್ತಲಿನಲ್ಲಿ ಉಪ್ಪಿನಕಾಯಿಯ ದೊಡ್ಡ ದೊಡ್ಡ ಜಾಡಿ ಇಟ್ಟಿರುತ್ತಾರೆ, ಅದರೊಳಗಿನಿಂದ ಸತ್ತ ಮದುಮಗಳ ಕೈ ಬರುತ್ತದೆ. ನಮ್ಮನೆಯವರು ಸಾಲು ಓದುವುದನ್ನೂ ಬಿಟ್ಟು ಪೂರ್ತಿ ಪೇಪರು ಮುಚ್ಚಿಕೊಂಡರು. ನಾನು ಹೇಳಿದೆ, ಜಾಡಿಯ ಬಾಯಿಗೆ ಬಟ್ಟೆ ಕಟ್ಟದಿದ್ದರೆ ಇವತ್ತು ದೆವ್ವ ಒಳಗೆ ಹೋಗುತ್ತದೆ, ನಾಳೆ ಇರುವೆ ಹೋಗುತ್ತದೆ. ಥಾಯ್ಲೆಂಡಿನ ಇನ್ನೊಂದರಲ್ಲಿ ಬೀಗ ಹಾಕಿದ ಕೋಣೆಯೊಳಗೆ ಹೊಲಿಗೆ ಯಂತ್ರ ತಾನೇ ಓಡುತ್ತದೆ. ಓಡಲಿ, ಆದರೆ ಸೂಜಿಯಲ್ಲಿ ದಾರವೇ ಇರಲಿಲ್ಲ. ಅಷ್ಟು ಕಷ್ಟಪಟ್ಟು ಓಡಿಸುವ ದೆವ್ವ ಸೀರೆಗೊಂದು ಫಾಲಾದರೂ ಹಚ್ಚಬಾರದೆ? ಇನ್ನು ದೀಪದ ವಿಷಯ. ನಮ್ಮಲ್ಲಿ ಗುರುವಾರ ಬಂತೆಂದರೆ ಲೈನ್ ರಿಪೇರಿಗೆಂದು ಕರೆಂಟ್ ಹೋಗುತ್ತದೆ, ಕತ್ತಲಲ್ಲಿ ತಡಕಾಡುತ್ತೇವೆ. ಅಲ್ಲಿಯವರು ಕರೆಂಟ್ ಇದ್ದೂ ಸ್ವಿಚ್ ಒತ್ತುವುದಿಲ್ಲ. ಕೈಯಲ್ಲಿ ಮೇಣದಬತ್ತಿ ಹಿಡಿದು, ಯಾರದು ಎಂದು ಕೇಳುತ್ತ ಮಾಳಿಗೆ ಹತ್ತುತ್ತಾರೆ. ಅಂಥವರನ್ನು ದೆವ್ವ ಹಿಡಿಯದೆ ಬಿಟ್ಟರೆ ಅದು ದೆವ್ವದ ತಪ್ಪು.

ಸುಹಾಸ ನನ್ನ ಮಾತುಗಳನ್ನು ಕೇಳಿ ಬೆರಗಾದ. ಕನ್ನಡ ಬಳಗದ ತಿಂಗಳ ಸಭೆಯಲ್ಲಿ ಅವನೇ ಪ್ರಸ್ತಾಪ ತಂದ. ಪ್ರತಿ ಸಲ ಅಂತ್ಯಾಕ್ಷರಿ ಆಡಿ ಆಡಿ ‘ಮ’ ಅಕ್ಷರದ ಹಾಡೇ ಮುಗಿದು ಹೋಗಿದೆ, ಇನ್ನು ಸಿನೆಮಾ ತೋರಿಸೋಣ, ಏಷ್ಯಾದ ಭಯಾನಕ ಚಿತ್ರಗಳನ್ನು ತೋರಿಸೋಣ ಎಂದ. ಹಿರಿಯರಿಗೆ ಬಿ.ಪಿ. ಚಿಂತೆ. ಹಾಗಾದರೆ ಮೊದಲು ಒಬ್ಬರು ನೋಡಿ ‘ಸಪ್ಪೆ’, ‘ಹದ’, ‘ಖಾರ’ ಎಂದು ದರ್ಜೆ ಕೊಡಲಿ, ಖಾರದ್ದನ್ನು ತೋರಿಸುವುದು ಬೇಡ, ಆ ಒಬ್ಬರು ತ್ರಿವೇಣಿ ಆಂಟಿಯೇ ಆಗಲಿ ಎಂದ. ಎಲ್ಲರೂ ಕೈ ಎತ್ತಿದರು.

ಎತ್ತಿದ ಕೈಗಳನ್ನು ನಾನು ಎರಡೆರಡು ಸಲ ಎಣಿಸಿದೆ ಎಂದು ಹೇಳಲು ನಾಚಿಕೆಯಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನ್ನನ್ನು ಜನ ಬೇಕಾದಷ್ಟು ಪ್ರಶ್ನೆ ಕೇಳಿದ್ದಾರೆ. ಟವೆಲ್ ಎಲ್ಲಿ, ಪಲ್ಯ ಏನು, ಗ್ಯಾಸ್ ಬುಕ್ ಮಾಡಿದೆಯಾ. ನಿನಗೇನು ಅನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಈಗ ಒಂದು ಬಳಗಕ್ಕೆ ಬಳಗವೇ ಕೇಳುತ್ತಿತ್ತು. ಸುಹಾಸ ತಗಡಿನ ಒಂದು ಬಿಲ್ಲೆ ಮಾಡಿಸಿಕೊಟ್ಟ, ಅದರ ಮೇಲೆ ಚಂದದ ಅಕ್ಷರದಲ್ಲಿ ‘ಪರೀಕ್ಷಕಿ’ ಎಂದಿತ್ತು. ಅದನ್ನು ಸೆರಗಿಗೆ ಚುಚ್ಚಿಕೊಂಡು ಕಾಯಿಪಲ್ಯ ತರಲು ಹೋಗುತ್ತಿದ್ದೆ. ಭಾಜಿಯವಳು ಇದೇನು ತಾಯಿ ಎಂದು ಮರಾಠಿಯಲ್ಲಿ ಕೇಳಿದಾಗ ಜಡ್ಜ್ ಎಂದೆ. ಕೊತ್ತಂಬರಿ ಎರಡು ಕಟ್ಟು ಹೆಚ್ಚು ಹಾಕಿದಳು.

ಮೊದಲ ಪ್ರದರ್ಶನಕ್ಕೆ ನಾನು ‘ಸಪ್ಪೆ’ ಎಂದು ದರ್ಜೆ ಕೊಟ್ಟ ಜಪಾನಿ ಚಿತ್ರವನ್ನೇ ಆರಿಸಿದರು. ಆ ಭಾನುವಾರ ನಾನು ನೆಂಟರ ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅನಾಹುತವಾಗಿತ್ತು. ಹೊಟೇಲಿನ ಅಡುಗೆಮನೆಯನ್ನೂ ಅಲ್ಲಿಯ ಭಟ್ಟರನ್ನೂ ಹದ್ದುಬಸ್ತಿನಲ್ಲಿ ಇಡುವ ಮೋಹನದಾಸ್ ನಡುವೆಯೇ ಎದ್ದು ಓಡಿದ್ದರಂತೆ, ಚಪ್ಪಲಿ ಒಯ್ಯಲು ಕೂಡ ಮತ್ತೆ ಬರಲಿಲ್ಲವಂತೆ. ರೇಣು ತನ್ನ ಗಂಡನ ಕೈ ಎಂದುಕೊಂಡು ಬಳಗದ ಖಜಾಂಚಿಯ ಕೈಯನ್ನು ಕೊನೆಯವರೆಗೂ ಹಿಡಿದುಕೊಂಡು ಕೂತಿದ್ದಳಂತೆ. (ಖಜಾಂಚಿಯವರು ಅದನ್ನು ಖಂಡಿಸಲಿಲ್ಲವೆಂಬುದು ಇನ್ನೊಂದು ಜಗಳ.)

ಮರುದಿನವೇ ಕುಸುಮ ಹತ್ತಾರು ಜನರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು.

“ಅದು ಸಪ್ಪೆ ಅಂತ ಬರೆದವರು ಯಾರು ಮಾರಾಯ್ರೇ? ನಮ್ಮವರು ನಿನ್ನೆಯಿಂದ ಬಚ್ಚಲಿಗೆ ಹೋಗ್ಬೇಕಾದ್ರೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸ್ತಾರೆ. ನೀವು ಸಿನೆಮಾ ನೋಡ್ತೀರಾ, ಇಲ್ಲ ರೊಟ್ಟಿಯನ್ನೇ ನೋಡ್ತೀರಾ ಅಂತ ನನಗೆ ಡೌಟು.”

ನನ್ನ ಪರೀಕ್ಷೆಯನ್ನೇ ಪರೀಕ್ಷಿಸುವುದೆಂದು ತೀರ್ಮಾನವಾಯಿತು. ಮುಂದಿನ ಭಾನುವಾರ, ನಮ್ಮ ಮನೆಯಲ್ಲಿ, ಎಲ್ಲರ ಎದುರಿಗೆ, ಸುಹಾಸ ಆರಿಸಿದ ಸಿನೆಮಾ. ನನ್ನ ಕೈ ನಿಂತರೆ ಬಿಲ್ಲೆ ಕುಸುಮಾಳಿಗೆ. ನಿಲ್ಲದಿದ್ದರೆ ಇನ್ನು ಮುಂದೆ ನನ್ನ ಮಾತಿಗೆ ಯಾರೂ ಎದುರಾಡುವಂತಿಲ್ಲ. ಸುಮ್ಮನೆ ಒಪ್ಪಿಕೊಂಡು ಬಾಗಿಲು ಹಾಕಬೇಕಿತ್ತು. ನನ್ನ ನಾಲಿಗೆ ಅಷ್ಟಕ್ಕೆ ನಿಲ್ಲಲಿಲ್ಲ.

“ಎಲ್ಲಾರೂ ಬರ್ರಿ. ಹಸಕೊಂಡ ಬರ್ರಿ. ದೆವ್ವ ನೋಡಕೋತ ಬಡದ ರೊಟ್ಟಿ ಹೆಂಗಿರ್ತಾವ ಅಂತ ತಿಂದ ನೋಡಿ ಹೋಗೀರಂತ” ಎಂದೆ.

ಅದೇ ವಾರ ಅತ್ತೆ ಬಸುರಿ ಮೊಮ್ಮಗಳ ಕುಬಸಕ್ಕೆ ವಿಜಾಪುರಕ್ಕೆ ಹೊರಟಿದ್ದರು. ಬಸ್ಸಿಗೆ ಹತ್ತಿಸಲು ಸ್ವಾರಗೇಟಿಗೆ ಹೋದೆವು. ಬಸ್ಸು ಹೊರಡುವವರೆಗೂ ಅತ್ತೆ ಕಿಟಕಿಯಿಂದ ನನ್ನ ಕೈ ಬಿಡಲಿಲ್ಲ.

“ಒಂದ ವಾರ ತಡದ್ರ ಏನಾಗ್ತದ? ನಾ ಬಂದ ಮ್ಯಾಲೆ ಇಟಗೋ” ಎಂದರು.

“ನೀವರ ಏನ ನೋಡ್ತೀರಿ ಅತ್ಯಾರ? ಟೀವಿಗೆ ಬೆನ್ನ ಹಾಕಿ ಕುಂಡರ್ತೀರಿ.”

ಅತ್ತೆ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. ಆಮೇಲೆ, “ಹೋಗ್ಲಿ ಬಿಡು. ಬಂದ ಮಂದಿಗೆ ಪುರಿ ಮಾಡಿ ಹಾಕು. ಆ ರೊಟ್ಟಿ ನನಗ ಇಡು” ಎಂದರು. ಇವರಿಗೆ ನನ್ನ ರೊಟ್ಟಿಯ ಮೇಲೆ ಇಷ್ಟೊಂದು ಆಸೆಯೇ ಎಂದು ಹಿಗ್ಗಿದೆ. ಆದರೆ ಆಡಿದ ಮಾತು ಆಡಿದ್ದೇ, ರೊಟ್ಟಿ ಎಂದ ಮೇಲೆ ರೊಟ್ಟಿಯೇ.

ಭಾನುವಾರ ನಮ್ಮ ಹಾಲಿನಲ್ಲಿ ಜನ ತುಂಬಿ ತುಳುಕಿದರು. ಕಿಟಕಿಗೆ ಪರದೆ ಎಳೆದರು. ಒಲೆಯ ಜ್ವಾಲೆ ಆರಬಾರದೆಂದು ಫ್ಯಾನ್ ಬಂದ್. ಸಿನೆಮಾ ಶುರುವಾಗುವ ಮೊದಲೇ ಎಲ್ಲರೂ ಬೆವೆತು ನೀರಾಗಿದ್ದರು, ಅದನ್ನು ನಾನು ಭಯದ ಖಾತೆಗೆ ಜಮಾ ಮಾಡಿಕೊಂಡೆ. ಕತ್ತಲಲ್ಲಿ ಕೈ ಕಾಣುವುದಿಲ್ಲ, ಆದ್ದರಿಂದ ಪಟಪಟ ಸಪ್ಪಳ ನಿಂತರೆ ಕೈ ನಿಂತಂತೆ ಎಂದು ಸುಹಾಸ ಘೋಷಿಸಿದ. ನಾನು ಬಿಲ್ಲೆಯನ್ನು ಸೆರಗಿಗೆ ಚುಚ್ಚಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತೆ. ಆಗಲೇ ಗಮನಿಸಿದ್ದು, ಒಲೆಯ ಆಚೆ ಬದಿಯ ಜಾಗ ಖಾಲಿ ಇತ್ತು. ಅಷ್ಟು ದೊಡ್ಡ ಟೀವಿ ನಮ್ಮ ಮನೆಯಲ್ಲಿದೆ ಎಂದು ನನಗೆ ತಿಳಿದದ್ದು ಅವತ್ತೇ.

ಚಿತ್ರ ಕೊರಿಯಾದ್ದು. ಯಾರಿಗೂ ಕೂದಲು ಕೆದರಿರಲಿಲ್ಲ, ಯಾರೂ ಒದ್ದೆಯಾಗಿರಲಿಲ್ಲ, ದೀಪಗಳೂ ಉರಿಯುತ್ತಿದ್ದವು. ಒಂದು ಮನೆ. ಒಬ್ಬ ಸೊಸೆ. ಊರಿಗೆ ಹೋದ ಅತ್ತೆ ತಿರುಗಿ ಬಂದಿದ್ದಾಳೆ, ಒಳಗಿನ ಕೋಣೆಯಲ್ಲಿ ನಮ್ಮ ಕಡೆ ಬೆನ್ನು ಹಾಕಿ ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಾಳೆ. ಬಿಳಿ ಕೂದಲನ್ನು ನೀಟಾಗಿ ಬಾಚಿ ಸಣ್ಣ ತುರುಬು ಕಟ್ಟಿದ್ದಾಳೆ. ಸೊಸೆ ಕರೆಯುತ್ತಾಳೆ. (“ಸದರಿ ಅತ್ತೆಯವರ, ಊಟಕ್ಕ ಬರ್ರಿ ಅಂತ ವಿನಂತಿ.”) ಉತ್ತರವಿಲ್ಲ. ಅಷ್ಟರಲ್ಲಿ ಫೋನ್ ಬರುತ್ತದೆ, ಅತ್ತೆ ಊರಿನಿಂದ ಇನ್ನೂ ಹೊರಟೇ ಇಲ್ಲ. ಮುಂದಿನ ದೃಶ್ಯದಲ್ಲಿ ಆ ಬೆನ್ನು ಪಡಸಾಲೆಗೆ ಬಂದಿದೆ. ಅದರ ಮುಂದಿನದರಲ್ಲಿ ಅಡುಗೆಮನೆಗೆ ಬಂದಿದೆ. ಮುಖ ಮಾತ್ರ ತಿರುಗಿಸುವುದಿಲ್ಲ.

ತಲೆ ಬಾಚಿಕೊಂಡ ದೆವ್ವವನ್ನು ನಾನು ಅದೇ ಮೊದಲು ನೋಡಿದ್ದು. ಹೆಸರಿಡಲು ನನಗೆ ಏನೂ ಸಿಗಲಿಲ್ಲ. “ಬಂತೇನ ಅದು?” ಎಂದು ಯಾರಾದರೂ ಕೇಳಬಾರದೆ ಅನಿಸಿತು. ಕೇಳುವವರು ವಿಜಾಪುರದಲ್ಲಿದ್ದರು. ಆದರೂ ನನ್ನ ಕೈ ನಿಲ್ಲಲಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಸುತ್ತ ಜನ ಒಬ್ಬರ ಹಿಂದೊಬ್ಬರು ಅಡಗುತ್ತಿದ್ದರು, ಪಟಪಟ ಸಪ್ಪಳ ಮಾತ್ರ ನಡೆದೇ ಇತ್ತು. ಹಂಚಿನ ಮೇಲಿನದನ್ನು ತೆಗೆದು ಬುಟ್ಟಿಗೆ, ಕಲ್ಲಿನ ಮೇಲಿನದು ಹಂಚಿಗೆ, ಕಣ್ಣು ಟೀವಿಗೆ. ಕೊನೆಗೆ ಆ ತುರುಬು ನಿಧಾನಕ್ಕೆ ತಿರುಗತೊಡಗಿತು. ನಮ್ಮನೆಯವರ ಕೈಯಿಂದ ಪೇಪರು ಜಾರಿತು. ಜನ್ಮದಲ್ಲಿ ಮೊದಲ ಸಲ ದೆವ್ವದ ಮುಖ ನೋಡಿದ ಅವರು ಮೂರು ಭಾಷೆಯಲ್ಲಿ ಒಮ್ಮೆಗೇ ಕೂಗಿದರು. ಇಡೀ ಬಳಗ ಕೂಗಿತು. (ನಾನು ಆ ಮುಖ ನೋಡಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಒಣಹಿಟ್ಟು ಕಣ್ಣಿಗೆ ಬಿದ್ದಿತ್ತು, ಎರಡೂ ಕಣ್ಣಿಗೆ.) ಆ ಗದ್ದಲದಲ್ಲೂ ಪಟಪಟ ನಿಲ್ಲಲಿಲ್ಲ. ದೀಪ ಹಾಕಿದ ಮೇಲೂ ಬಡಿಯುತ್ತಲೇ ಇದ್ದೆನಂತೆ, ರೇಣು ಬಂದು ಭುಜ ಮುಟ್ಟಿ ಸಾಕೆಂದಳು.

ಚಪ್ಪಾಳೆ ಬಿತ್ತು. ಸುಹಾಸ ನನ್ನ ಕಾಲಿಗೆ ಬಿದ್ದ. ಕುಸುಮ ದೊಡ್ಡ ಮನಸ್ಸಿನವಳು, ಸೋತೆ ಎಂದು ತಾನೇ ಒಪ್ಪಿಕೊಂಡಳು. ನಾನು ಎದ್ದು ನಿಂತು ನಾಲ್ಕು ಮಾತಾಡಿದೆ. ಧೈರ್ಯವೆಂಬುದು ಕಲಿತು ಬರುವುದಲ್ಲ, ನಮ್ಮದು ಗಂಡುಮೆಟ್ಟಿನ ನಾಡು, ಅಲ್ಲಿಯ ನೀರು ಕುಡಿದವರ ಕೈ ಅಲುಗುವುದಿಲ್ಲ ಎಂದೆ. ಕೊನೆಗೆ, ನನ್ನ ಕೈ ಎಂಥದ್ದೆಂದು ಬಾಯಿಂದ ಹೇಳುವುದಕ್ಕಿಂತ ರೊಟ್ಟಿಯೇ ಹೇಳಲಿ, ಊಟಕ್ಕೆ ಏಳಿ ಎಂದೆ.

ರೊಟ್ಟಿ ಹೇಳಿತು. ನಮ್ಮನೆಯವರು ಹೆಂಡತಿಯ ಗೆಲುವಿನ ಉಬ್ಬಿನಲ್ಲಿ ತಾವೇ ಬುಟ್ಟಿಯ ಬಟ್ಟೆ ತೆಗೆದು ಬಡಿಸಲು ನಿಂತರು. ಮಾನ ಮೊದಲು ಎದುರಾಳಿಗೆ ಎಂದು ಎಲ್ಲಕ್ಕಿಂತ ಮೇಲಿದ್ದ ರೊಟ್ಟಿಯನ್ನು ಕುಸುಮಾಳ ತಾಟಿಗೆ ಹಾಕಿದರು. ಅದು ತಾಟಿಗೆ ಬಿದ್ದ ಸಪ್ಪಳಕ್ಕೆ ಎಲ್ಲರೂ ತಿರುಗಿ ನೋಡಿದರು. ಅಂಗೈಯಗಲ, ಇಟ್ಟಿಗೆಯಷ್ಟು ದಪ್ಪ. ಪಾಪ, ಕುಸುಮ ನೀರುದೋಸೆಯ ಸೀಮೆಯವಳು, ಖಡಕ್ ರೊಟ್ಟಿಯೆಂದರೆ ಹೀಗೆಯೇ ಇರಬೇಕು ಎಂದುಕೊಂಡು ಎರಡೂ ಕೈಯಿಂದ ಹಿಡಿದು ಮುರಿದಳು. ಒಳಗೆ ಏನೋ ಹೊಳೆಯಿತು. ಹೊರತೆಗೆದು ಸೆರಗಿಗೆ ಒರೆಸಿ ಓದಿದಳು.

“ಪರೀಕ್ಷಕಿ” ಎಂದಿತ್ತು.

ನನ್ನ ಕೈ ಸೆರಗಿಗೆ ಹೋಯಿತು. ಅಲ್ಲಿ ಬಿಲ್ಲೆ ಇರಲಿಲ್ಲ. ಯಾವಾಗ ಕಳಚಿ ಹಿಟ್ಟಿಗೆ ಬಿತ್ತೋ, ಯಾವ ದೃಶ್ಯದಲ್ಲಿ ಬಡಿದೆನೋ, ಯಾವಾಗ ಬೇಯಿಸಿದೆನೋ ದೇವರಿಗೇ ಗೊತ್ತು. ಅಲ್ಲಿಗೂ ನಾನು ಏನಾದರೊಂದು ಹೇಳಿ ದಾಟಿಕೊಳ್ಳುತ್ತಿದ್ದೆ. ಆದರೆ ರೇಣು ಜೋಳದ ನಾಡಿನವಳು. ಅವಳು ಬುಟ್ಟಿಯನ್ನು ಬೋರಲು ಹಾಕಿ, ರೊಟ್ಟಿಗಳನ್ನು ಮಾಡಿದ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿ ಇಡತೊಡಗಿದಳು. ಮೊದಲಿನವು ಹುಣ್ಣಿಮೆಯ ಚಂದ್ರ. ಆಮೇಲಿನವಕ್ಕೆ ಅಂಚು ಒಡೆದಿತ್ತು. ಆಮೇಲೆ ತೂತು. ಆಮೇಲೆ ಒಂದು ಉದ್ದಕ್ಕೆ ಸೌತೆಕಾಯಿಯಂತೆ ಹೋಗಿತ್ತು, ಒಂದರ ಮೇಲೆ ನನ್ನ ಐದೂ ಬೆರಳು ಹೆಣದ ಕೈಗುರುತಿನಂತೆ ಮೂಡಿದ್ದವು, ಒಂದರಲ್ಲಿ ನೀರು ಸವರುವ ಒದ್ದೆ ಬಟ್ಟೆಯೂ ಸೇರಿ ಬೆಂದಿತ್ತು.

“ಅಕ್ಕಾರ, ಇದು ಫೋನ್ ಬಂದಾಗಿಂದು, ಹೌದಲ್ರಿ?” ಎಂದು ರೇಣು ತೂತಿನದನ್ನು ಎತ್ತಿ ಕೇಳಿದಳು. ಮುದುಕಿ ಪಡಸಾಲೆಗೆ ಬಂದಾಗಿನದು ಇದು ಎಂದು ಇನ್ನೊಬ್ಬರು ಗುರುತಿಸಿದರು. ಇಡೀ ಬಳಗ ನೆಲಕ್ಕೆ ಬಗ್ಗಿ ಸಿನೆಮಾವನ್ನು ಮೊದಲಿನಿಂದ ಮತ್ತೊಮ್ಮೆ ನೋಡಿತು. ಮೋಹನದಾಸ್ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಕುಸುಮ ಬಿಲ್ಲೆಯನ್ನು ತನ್ನ ಸೆರಗಿಗೆ ಚುಚ್ಚಿಕೊಂಡು, ಇದರಲ್ಲಿ ಇನ್ನೂ ಹಿಟ್ಟುಂಟು ಎಂದಳು. ಗಂಡುಮೆಟ್ಟಿನ ನಾಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಿತು.

ವಾರದ ಮೇಲೆ ಅತ್ತೆ ಬಂದರು. ಮಗನ ಬಾಯಿಂದ ದಾರಿಯಲ್ಲೇ ಎಲ್ಲ ಕೇಳಿಕೊಂಡು ಬಂದಿದ್ದರು. ಸೀದಾ ಅಡುಗೆಮನೆಗೆ ಬಂದು ನನ್ನ ಹತ್ತಿರ ಕೂತರು. ನಾನು ತಲೆ ಎತ್ತಲಿಲ್ಲ.

“ಅತ್ಯಾರ, ನಿಮಗ ಮೊದಲ ಗೊತ್ತಿತ್ತೇನ್ರಿ?”

“ಬಂತೇನ ಅದು ಅಂತ ಕೇಳ್ತಿದ್ನಲ್ಲ. ರೊಟ್ಟಿ ನೋಡಿ ಕೇಳ್ತಿದ್ದೆ.”

“ಮತ್ತ ಒಂದ ಮಾತ ಹೇಳಬಾರದಾಗಿತ್ತೇನ್ರಿ?”

“ಯಾಕ ಹೇಳ್ಲಿ? ನಾಕ ಮಂದಿ ನಿನ್ನ ಮಾತ ಕೇಳಾಕತ್ತಿದ್ರು, ನಿನಗೂ ಖುಷಿ ಇತ್ತು. ಹರದದ್ದನ್ನ ನಾ ಮುರದ ಹಾಲಾಗ ಹಾಕ್ಕೊಂಡ ತಿಂದ್ರ ಮುಗೀತು. ಮಂದೀಗಿ ದುಂಡಂದಷ್ಟ ಕಂಡ್ರ ಸಾಕು.”

ಅಷ್ಟು ತಿಂಗಳು ಅಷ್ಟೊಂದು ಹಾಲು ಯಾಕೆ ಬೇಕಾಗುತ್ತಿತ್ತೆಂದು ನನಗೆ ಆಗ ಅರ್ಥವಾಯಿತು. ಅತ್ತು ಬಿಟ್ಟೆ. ಅಳುತ್ತಲೇ ಒಂದು ಹೆಮ್ಮೆಯೂ ಬಂತು, ಸುಳ್ಳೇಕೆ ಹೇಳಲಿ. ಇಂಥ ಅತ್ತೆ ಕೊರಿಯಾದಲ್ಲೂ ಇಲ್ಲ, ಇದ್ದಿದ್ದರೆ ಅವರ ಸಿನೆಮಾಗಳು ಹಾಗಿರುತ್ತಿರಲಿಲ್ಲ.

ಇನ್ನೊಂದು ವಾರಕ್ಕೆ ಸುಹಾಸ ಬಾಗಿಲು ತಟ್ಟಿದ. ಕೈಯಲ್ಲಿ ಬಿಲ್ಲೆಯಿತ್ತು. ಬಳಗದವರು ಸಭೆ ಸೇರಿ ಒಮ್ಮತದಿಂದ ನನ್ನನ್ನೇ ಮತ್ತೆ ಪರೀಕ್ಷಕಿಯಾಗಿ ಆರಿಸಿದ್ದಾರೆ, ಅಮ್ಮನೇ ಬಿಲ್ಲೆ ತೊಳೆದು ಕಳಿಸಿದ್ದಾಳೆ ಎಂದ. ಹೆದರದವರ ಮಾತಿಗಿಂತ ಹೆದರುವವರ ಮಾತೇ ಹೆಚ್ಚು ನಂಬಿಕೆಗೆ ಅರ್ಹವಂತೆ. ಅಷ್ಟೇ ಅಲ್ಲ, ಇನ್ನು ಮುಂದೆ ನಾನು ಬಳಗದ ಸಭಾಂಗಣಕ್ಕೇ ಬಂದು ಎಲ್ಲರೆದುರು ಪರೀಕ್ಷೆ ನಡೆಸಿಕೊಡಬೇಕಂತೆ. ನನ್ನ ವಿಮರ್ಶೆಯಿಲ್ಲದೆ ಅವರಿಗೆ ನಡೆಯಲಿಲ್ಲ ಎಂದು ನನಗೆ ಗೊತ್ತೇ ಇತ್ತು. ಸ್ವಲ್ಪ ಬಿಗುಮಾನ ತೋರಿಸಿ ಒಪ್ಪಿಕೊಂಡೆ.

ಆ ಭಾನುವಾರ ಇಳಕಲ್ ಸೀರೆ ಉಟ್ಟು, ಬಿಲ್ಲೆಯನ್ನು ಈ ಸಲ ಎರಡು ಪಿನ್ನು ಹಾಕಿ ಭದ್ರ ಮಾಡಿಕೊಂಡು ಹೋದೆ. ವೇದಿಕೆಯ ಕೆಳಗೆ ಒಲೆ, ಹಂಚು, ಕಲ್ಲು ಎಲ್ಲವನ್ನೂ ಒಪ್ಪವಾಗಿ ಜೋಡಿಸಿದ್ದರು. ದೊಡ್ಡ ಪರದೆ ನನ್ನ ಎದುರಿಗೆ, ಕುರ್ಚಿಗಳ ಆಚೆ ತುದಿಯ ಗೋಡೆಯ ಮೇಲಿತ್ತು. ಕುರ್ಚಿಗಳೆಲ್ಲ ತುಂಬಿದ್ದವು. ನನ್ನ ಹೊಸ ವಿಚಾರಗಳಿಗೆ ಇಷ್ಟೊಂದು ಜನ ಕಾದಿದ್ದಾರಲ್ಲ ಎಂದು ಎದೆ ಉಬ್ಬಿತು. ದೀಪ ಆರಿಸಿದರು, ಸಂಗೀತ ಶುರುವಾಯಿತು, ನಾನು ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು ತಲೆ ಎತ್ತಿದೆ.

ಪರದೆಯ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಇಡೀ ಬಳಗ ಕುರ್ಚಿಗಳನ್ನು ತಿರುಗಿಸಿ, ಸಿನೆಮಾಕ್ಕೆ ಬೆನ್ನು ಹಾಕಿ, ನನ್ನ ಕೈಯನ್ನೇ ನೋಡುತ್ತ ಕೂತಿತ್ತು. ಮುಂದಿನ ಸಾಲಿನ ನಡುವೆ ಅತ್ತೆ, ಒಂದು ಪಕ್ಕಕ್ಕೆ ಕುಸುಮ, ಇನ್ನೊಂದು ಪಕ್ಕಕ್ಕೆ ನಮ್ಮನೆಯವರು. ಅವರು ಪೇಪರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬಹಳ ತಿಂಗಳುಗಳ ಮೇಲೆ ನಿಶ್ಚಿಂತೆಯಿಂದ ಕೂತಂತಿತ್ತು. ಅಷ್ಟು ದೊಡ್ಡ ಪರದೆಯ ಮೇಲೆ ಬರಲಿರುವ ದೆವ್ವವನ್ನು ನೋಡಬೇಕಾದವಳು ಆ ಸಭಾಂಗಣದಲ್ಲಿ ನಾನೊಬ್ಬಳೇ.

ನಾನು ಗಂಟಲು ಸರಿಪಡಿಸಿಕೊಂಡು, ಧೈರ್ಯವಾಗಿ ಬಡಿಯತೊಡಗಿದೆ.

“ಬಂತೇನ ಅದು?” ಎಂದರು ಅತ್ತೆ.

“ಬಂತು” ಎಂದಿತು ಇಡೀ ಬಳಗ, ಕಲ್ಲಿನ ಮೇಲಿನ ರೊಟ್ಟಿಯ ಅಂಚು ನೋಡಿ, ಒಂದೇ ಕೊರಳಿನಲ್ಲಿ.

ಪರದೆಯ ಮೇಲೆ ಇನ್ನೂ ಹೆಸರುಗಳು ಬರುತ್ತಿದ್ದವು.